ಒಂದು ಗೇಣು ಗಿಡ್ಡ ಶಟರ್

ಬೀಗ ಹಾಕಿದೆ. ಎರಡು ಸಲ ಜಗ್ಗಿದೆ. ಅಲ್ಲಾಡಲಿಲ್ಲ. ಕೈಯನ್ನು ಪ್ಯಾಂಟಿಗೆ ಒರೆಸಿಕೊಂಡು ಹಿಂದಕ್ಕೆ ತಿರುಗಿದೆ, ರಸ್ತೆಯಲ್ಲಿ ಯಾರಾದರೂ ನೋಡುತ್ತಿದ್ದಾರೋ ಇಲ್ಲವೋ ಅಂತ. ಅಷ್ಟರಲ್ಲಿ ಮುಚ್ಚಿದ ಶಟರಿನ ಬಲಮೂಲೆಯಲ್ಲಿ, ತಗಡಿಗೂ ನೆಲಕ್ಕೂ ನಡುವೆ, ಒಂದು ಮೂತಿ ಕಾಣಿಸಿತು. ಆಮೇಲೆ ಎರಡು ಮುಂಗಾಲು. ಆಮೇಲೆ ಹೊಟ್ಟೆಯನ್ನು ನೆಲಕ್ಕೆ ಒತ್ತಿಕೊಂಡು ಇಡೀ ನಾಯಿಯೇ ಹೊರಗೆ ಬಂತು. ಮೈ ಕೊಡವಿಕೊಂಡಿತು. ನನ್ನ ಮುಖ ನೋಡಿತು. ಬಸ್ ಸ್ಟ್ಯಾಂಡ್ ಕಡೆಗೆ ನಡೆದುಹೋಯಿತು.

ಶಟರ್ ಕೂರಿಸಿದ ನಸೀರಣ್ಣ ಪಕ್ಕದಲ್ಲೇ ಕುಕ್ಕರುಗಾಲಲ್ಲಿ ಕೂತು ಸಾಮಾನನ್ನೆಲ್ಲ ಗೋಣಿಚೀಲಕ್ಕೆ ತುಂಬುತ್ತಿದ್ದ. ಅವನೂ ನೋಡಿದ.

"ನಾಯಿ ನಿಂದಾ?" ಅಂದ.

"ಅಲ್ಲ."

"ಹಂಗಾದ್ರೆ ಬುಡು. ಅದು ಹೋಯ್ತು ಅಂತ ನಿಂಗೇನು ಲುಕ್ಸಾನಿಲ್ಲ."

ಗ್ಯಾರೇಜಿಗೆ ಹೊಸ ಬಾಗಿಲು ಹಾಕಿಸಲು ಎಷ್ಟಾಗುತ್ತದೆ ಅಂತ ನನ್ನನ್ನು ಕೇಳುವವರು ಈಗಲೂ ಇದ್ದಾರೆ. ಅರಸೀಕೆರೆಯಲ್ಲಿ ಈಗ ಗ್ಯಾರೇಜುಗಳು ಜಾಸ್ತಿ ಆಗಿವೆ, ಎಲ್ಲರಿಗೂ ಶಟರ್ ಬೇಕು. ಅಡಿ ಲೆಕ್ಕ ಕಣ್ರೀ, ಉದ್ದ ಅಗಲ ಗುಣಿಸಿ ದುಡ್ಡು ಇಸ್ಕೋತಾರೆ ಅಂತ ಹೇಳಿ ಕಳಿಸುತ್ತೇನೆ. ಅದು ಅರ್ಧ ಮಾತು. ಉಳಿದರ್ಧ ಈ ನಾಯಿಯಿಂದ ಶುರುವಾಗುತ್ತದೆ. ಕೂತು ಹೇಳುವಷ್ಟು ಪುರುಸೊತ್ತು ಯಾವಾಗಲೂ ಇರುವುದಿಲ್ಲ. ಇವತ್ತು ಇದೆ.

ಮೊದಲು ಯಾಕೆ ಹಾಕಿಸಿದೆ ಅಂತ ಹೇಳಬೇಕು. ಹಳೇಬೀಡಿನ ಪಕ್ಕ ಬಸ್ತಿಹಳ್ಳಿಯಲ್ಲಿ ಪದ್ಮಣ್ಣ ಅಂತ ಸಾಹುಕಾರರು. ಜೈನರು. ಕೊಬ್ಬರಿ, ರಾಗಿ ವ್ಯಾಪಾರ, ಜೊತೆಗೆ ಎರಡು ಅಂಬಾಸಿಡರ್ ಟ್ಯಾಕ್ಸಿ. ಬೆಳಗಿನ ರೈಲಿಗೆ ಅರಸೀಕೆರೆಯಲ್ಲಿ ಇಳಿಯುವ ಜನರನ್ನು ತುಂಬಿಕೊಂಡು ಬೇಲೂರು ಹಳೇಬೀಡು ತೋರಿಸಿ ಸಂಜೆ ತಂದು ಬಿಡುವ ಕೆಲಸ ಆ ಕಾರುಗಳದ್ದು. ಬೆಳಿಗ್ಗೆ ರೈಲಿಗೆ ಸಿಗಬೇಕಾದರೆ ಕಾರು ರಾತ್ರಿ ಅರಸೀಕೆರೆಯಲ್ಲೇ ಇರಬೇಕು. ಸ್ಟೇಷನ್ನಿನ ಮುಂದೆ ಬಯಲಲ್ಲಿ ನಿಲ್ಲಿಸುತ್ತಿದ್ದರು. ಒಂದು ಬೆಳಿಗ್ಗೆ ನೋಡಿದರೆ ಒಂದು ಕಾರಿನ ಸ್ಟೆಪ್ನಿ ಇಲ್ಲ, ಇನ್ನೊಂದರ ಪೆಟ್ರೋಲ್ ಇಲ್ಲ. ಅವತ್ತೇ ಪದ್ಮಣ್ಣ ನನ್ನ ಗ್ಯಾರೇಜಿಗೆ ಬಂದರು. ನಾನು ಗ್ಯಾರೇಜು ಶುರುಮಾಡಿ ಎರಡನೆಯ ವರ್ಷ. ಬರುತ್ತಿದ್ದದ್ದೆಲ್ಲ ಲೂನಾ, ಪಂಪ್‌ಸೆಟ್ಟು, ಅಪರೂಪಕ್ಕೊಂದು ಜೀಪು.

ಒಳಗೆ ಬಂದು ಸುತ್ತ ನೋಡಿದರು. ಜಾಗ ಹಿಡಿಸಿತು. ಬಾಗಿಲು ನೋಡಿದರು. ಮುಖ ಸಣ್ಣದು ಮಾಡಿದರು.

"ಇದೇನಯ್ಯ, ಹಲಗೆ ಬಾಗ್ಲು? ಒಂದು ಹಲಗೆ ಎತ್ತಿದ್ರೆ ಕಳ್ಳ ಒಳಗೆ."

"ಒಳಗಿಂದ ಕಬ್ಬಿಣದ ಅಗಣಿ ಐತೆ ಸಾವ್ಕಾರ್ರೆ."

"ಅಗಣಿ ನಿಂಗಿರ್ಲಿ. ಶಟರ್ ಹಾಕ್ಸು, ಎರಡು ಕಾರೂ ನಿನ್ ಹತ್ರ. ರಿಪೇರಿನೂ ನಿಂದೇ. ಇಲ್ಲ ಅಂದ್ರೆ ಹಾಸನದೋರು ಒಬ್ರು ಇಲ್ಲಿ ಶೆಡ್ ಮಾಡ್ತಾರಂತೆ, ಅಲ್ಲಿಗೆ ಬಿಡ್ತೀನಿ. ಮುಂದಿನ ತಿಂಗಳು ಬತ್ತೀನಿ ನೋಡೋಕೆ."

ಅಷ್ಟೇ ಮಾತು. ಎರಡು ಕಾರು ಕಾಯಮ್ಮಾಗಿ ಬಂದರೆ ಗ್ಯಾರೇಜು ಉಳಿಯುತ್ತದೆ. ಬರದಿದ್ದರೆ ನಾನು ಮತ್ತೆ ಯಾವನದೋ ಲಾರಿ ಕೆಳಗೆ ಮಲಗಬೇಕು, ಕೂಲಿಗೆ. ಹಾಕಿಸುವುದೇ ಅಂತ ಅವತ್ತೇ ಗಟ್ಟಿ ಮಾಡಿದೆ.

ನಿಜ ಹೇಳಬೇಕಂದರೆ ಶಟರಿನ ಆಸೆ ಆವತ್ತಿನದಲ್ಲ. ಚಿಕ್ಕವನಿದ್ದಾಗ ಅಪ್ಪನ ಜೊತೆ ಬೇಲೂರಿಗೆ ಹೋಗಿದ್ದೆ. ಅಪ್ಪನಿಗೆ ಕೊಬ್ಬರಿ ವ್ಯಾಪಾರ, ಯಾರಿಗೋ ಮುಂಗಡ ಕೊಡುವುದಿತ್ತು. ಬಸ್ಸಿಳಿದ ಬೀದಿಯಲ್ಲಿ ಒಂದು ಬಟ್ಟೆ ಅಂಗಡಿ. ಅಂಗಡಿಯವನು ಬಂದ, ಬಗ್ಗಿ ಬೀಗ ತೆಗೆದ, ಒಂದೇ ಕೈಯಲ್ಲಿ ಎತ್ತಿದ. ಗರ್ರ್ ಅಂತ ಇಡೀ ಬಾಗಿಲು ಸುರುಳಿ ಸುತ್ತಿಕೊಂಡು ಮೇಲೆ ಹೋಗಿ ಮಾಯವಾಯಿತು. ನಾನು ಬಾಯಿ ಬಿಟ್ಟುಕೊಂಡು ನಿಂತೆ. ಮತ್ತೆ ಮುಚ್ಚುತ್ತಾನೇನೋ ಅಂತ ಕಾದೆ. ಅಪ್ಪ ದೇವಸ್ಥಾನಕ್ಕೆ ಹೋಗಿ ಬರೋಣ ಬಾರೋ ಅಂದ. ನೀನು ಹೋಗಿ ಬಾ, ನಾನು ಇಲ್ಲೇ ಇರ್ತೀನಿ ಅಂದೆ. ಅಪ್ಪ ಹೋಗಿ ಬಂದ. ಅಂಗಡಿಯವನು ಮುಚ್ಚಲೇ ಇಲ್ಲ. ದೇಶದ ಜನವೆಲ್ಲ ಬೇಲೂರಿಗೆ ಬಂದು ಕಲ್ಲಿನ ಗೊಂಬೆ ನೋಡುತ್ತದೆ. ಶಟರ್ ನೋಡಿಕೊಂಡು ವಾಪಸ್ ಬಂದವನು ನಾನೊಬ್ಬನೇ ಇರಬೇಕು.

ನನ್ನ ಗ್ಯಾರೇಜು ಅಂದರೆ ಅಪ್ಪನ ಅದೇ ಕೊಬ್ಬರಿ ಅಂಗಡಿ. ಅಪ್ಪ ಹೋದ ಮೇಲೆ ಗೋಡೆಯ ಕೊಬ್ಬರಿ ವಾಸನೆಯ ಮೇಲೆ ನಾನು ಡೀಸೆಲ್ ವಾಸನೆ ಹೊಡೆಸಿದೆ, ಅಷ್ಟೇ. ಹಿಂದೆ ನಮ್ಮ ಮನೆ. ಅಂಗಡಿಗೆ ಹತ್ತು ಹಲಗೆಯ ಬಾಗಿಲು. ಒಂದೊಂದೂ ಒಂದು ಗೇಣು ಅಗಲ, ಆಳಿಗಿಂತ ಎತ್ತರ. ಕೆಳಗೆ ಹೊಸಿಲು ಕಲ್ಲಿನಲ್ಲಿ ಒಂದು ಗಾಡಿ, ಮೇಲೆ ತೊಲೆಯಲ್ಲಿ ಒಂದು ಗಾಡಿ. ಗಾಡಿ ಅಂದರೆ ಎತ್ತಿನ ಗಾಡಿಯಲ್ಲ, ಹಲಗೆ ಸರಿಯಲು ಕೊರೆದ ಸಂದು. ಹಲಗೆಗಳನ್ನು ಒಂದರ ಪಕ್ಕ ಒಂದು ಅದರೊಳಗೆ ನೂಕಬೇಕು. ಎಲ್ಲ ಒಂದೇ ಅಳತೆ ಅಲ್ಲ. ಹಳೆಯ ಮರ, ಒಂದೊಂದು ಒಂದೊಂದು ಕಡೆ ಸೊಟ್ಟ. ಅದಕ್ಕೆ ಅಪ್ಪ ಕೀಲೆಣ್ಣೆಯಲ್ಲಿ ಬೆರಳು ಅದ್ದಿ ಪ್ರತಿ ಹಲಗೆಯ ತಲೆ ಮೇಲೆ ನಂಬರು ಬರೆದಿದ್ದ. ಒಂದರಿಂದ ಹತ್ತು. ವರಸೆ ತಪ್ಪಿದರೆ ಹತ್ತನೆಯದು ಒಳಗೆ ಹೋಗುತ್ತಿರಲಿಲ್ಲ. ಅಲ್ಲೇ ಎಡವಟ್ಟು. ಮತ್ತೆ ಎಲ್ಲ ತೆಗೆದು ಮೊದಲಿನಿಂದ.

ನಾನು ಅಂಕಿ ಕಲಿತದ್ದು ಆ ಹಲಗೆಗಳ ಮೇಲೆ. ಇಸ್ಕೂಲಿಗೆ ಸೇರಿಸಿದ ದಿನ ಮೇಷ್ಟ್ರು ಎಣಿಸೋ ಅಂದರು. ಗಡಗಡ ಹತ್ತರವರೆಗೆ ಹೇಳಿದೆ. ಮೇಷ್ಟ್ರಿಗೆ ಖುಷಿಯಾಯಿತು.

"ಹತ್ತಾದ ಮೇಲೆ?"

"ಬೀಗ ಸಾರ್."

ಕ್ಲಾಸೆಲ್ಲ ನಕ್ಕಿತು. ನನಗೆ ಯಾಕೆ ಅಂತ ತಿಳಿಯಲಿಲ್ಲ. ಹತ್ತಾದ ಮೇಲೆ ನಮ್ಮಲ್ಲಿ ಬೀಗವೇ. ಇಸ್ಕೂಲೂ ನನಗೆ ಬಹಳ ದಿನ ಒಗ್ಗಲಿಲ್ಲ, ಬಿಟ್ಟೆ.

ಆರನೆಯ ಹಲಗೆಯಲ್ಲಿ ಒಂದು ಗಂಟು ಉದುರಿ ತೂತಾಗಿತ್ತು. ಕಡಲೆಬೀಜದಷ್ಟು. ಮಧ್ಯಾಹ್ನ ಅಪ್ಪ ಹಲಗೆ ಹಾಕಿ ಒಳಗೆ ಮಲಗಿದರೆ ನಾನು ಪಕ್ಕದಲ್ಲಿ ಗೋಡೆ ನೋಡುತ್ತ ಬಿದ್ದಿರುತ್ತಿದ್ದೆ. ಕತ್ತಲೆಯ ಗೋಡೆಯ ಮೇಲೆ ರಸ್ತೆ ಬೀಳುತ್ತಿತ್ತು, ತಲೆಕೆಳಗಾಗಿ. ಜಾವಗಲ್ ಬಸ್ಸು ಚಕ್ರ ಮೇಲೆ ಮಾಡಿಕೊಂಡು ಕೊಬ್ಬರಿ ರಾಶಿಯ ಮೇಲೆ ಹೋಗುತ್ತಿತ್ತು. ಹೆಂಗಸರು ತಲೆಕೆಳಗಾಗಿ ನೀರಿನ ಕೊಡ ಹೊತ್ತರೂ ಒಂದು ಹನಿ ಚೆಲ್ಲುತ್ತಿರಲಿಲ್ಲ. ಅದು ಯಾಕೆ ಹಾಗೆ ಅಂತ ಇವತ್ತಿಗೂ ನನಗೆ ಗೊತ್ತಿಲ್ಲ. ತಿಳಿದವರು ಯಾರೋ ಒಮ್ಮೆ ಹೇಳಲು ಬಂದರು. ಬೇಡ ಅಂದೆ.

ಮಾತು ಎಲ್ಲಿಗೋ ಹೋಯಿತು. ಶಟರ್.

ಶಟರಿಗೆ ಹೊಸಿಲು ಆಗುವುದಿಲ್ಲ. ಕಾರು ಒಳಗೆ ಬರಬೇಕಾದರೆ ಕಲ್ಲು ಎದ್ದುಕೊಂಡಿರಬಾರದು. ನಮ್ಮ ಹೊಸಿಲು ಕಲ್ಲು ಎಡಗಡೆ ನೆಲಕ್ಕೆ ಸಮ, ಬಲಗಡೆ ಒಂದು ಗೇಣು ಎತ್ತರ. ಕಲ್ಲು ಸೊಟ್ಟ ಅಲ್ಲ. ಕಲ್ಲು ಮಟ್ಟವಾಗೇ ಇತ್ತು, ನೆಲ ಬಲಗಡೆಯ ಮೋರಿ ಕಡೆಗೆ ಇಳಿಜಾರು. ಈ ಮಾತು ನಾನು ಆವತ್ತು ಯೋಚಿಸಲಿಲ್ಲ. ಹಾರೆ ತಗೊಂಡೆ.

ಅವ್ವ ಹಿತ್ತಲಿಂದ ಬಂದು ಎದುರಿಗೆ ನಿಂತಳು. ದಿನಾ ಸಂಜೆ ಆ ಹೊಸಿಲ ಮೇಲೆ ದೀಪ ಇಟ್ಟು ಹೋಗುವವಳು ಅವಳು. ಅಪ್ಪ ಇದ್ದಾಗಲೂ ಇಟ್ಟಿದ್ದಳು, ನಾನು ಡೀಸೆಲ್ ಚೆಲ್ಲಿದ ಮೇಲೂ ಇಡುತ್ತಿದ್ದಳು. ಬೆಂಕಿ ಹತ್ತಿಕೊಳ್ತದೆ ಕಣವ್ವ ಅಂದರೆ, ನೀನು ಚೆಲ್ಲಬೇಡ ಅನ್ನುತ್ತಿದ್ದಳು.

"ಹೊಸಿಲು ಕೀಳ್ತೀಯೇನ್ಲಾ?"

"ಕಾರು ಒಳಗೆ ಬರ್ಬೇಕಲ್ಲವ್ವ."

"ಬರ್ಲಿ. ಕಾರಿಗೆ ಒಂದು ಬಾಗ್ಲು ಮಾಡು. ಹೊಸಿಲಿಲ್ದಿದ್ದು ಬಾಗ್ಲಲ್ಲ ಕಣೋ, ತೂತು."

"ಈಗೆಲ್ಲ ಇಂಗೇ ಹಾಕೋದು."

"ಹಳೇಬೀಡ್‌ನಾಗೆ ನೋಡು ಹೋಗು. ಬಾಗ್ಲು ಹೋಗಿ ಯಾವ ಕಾಲ ಆಯ್ತೋ ಯಾರಿಗೂ ಗೊತ್ತಿಲ್ಲ. ಹೊಸಿಲು ಇನ್ನೂ ಅಲ್ಲೇ ಐತೆ. ಬಂದೋರೆಲ್ಲ ದಾಟ್ಕಂಡೇ ಒಳಗೆ ಹೋಯ್ತಾರೆ."

"ಅದರೊಳಕ್ಕೆ ಕಾರು ಹೋಗಲ್ಲವ್ವ."

ನಾನು ಹಾರೆ ಹಾಕಿ ಮೀಟಿದೆ. ಕಲ್ಲು ಎದ್ದಿತು, ಎದ್ದಿದ್ದೇ ನಡುವೆ ಸೀಳಿ ಎರಡಾಯಿತು. ಆ ಸದ್ದಿಗೆ ಅವ್ವ ತಿರುಗಿ ಕೂಡ ನೋಡದೆ ಒಳಗೆ ಹೋದಳು. "ಇನ್ನು ನಾನಿಲ್ಲಿ ದೀಪ ಇಡಲ್ಲ" ಅಂದದ್ದು ಮಾತ್ರ ಕೇಳಿಸಿತು. ಇಡಲಿಲ್ಲ. ಊಟ ಹಾಕುತ್ತಿದ್ದಳು, ಮಾತಾಡುತ್ತಿದ್ದಳು, ಗ್ಯಾರೇಜಿನ ಕಡೆ ಮಾತ್ರ ಹೆಜ್ಜೆ ಇಡಲಿಲ್ಲ. ನನಗೇನಂತೆ ಅಂದುಕೊಂಡೆ. ಸಂಜೆ ಆ ಹೊತ್ತಿಗೆ ಕೈ ತಾನಾಗೇ ಸ್ಪ್ಯಾನರ್ ಕೆಳಗಿಡುತ್ತಿತ್ತು, ಕಣ್ಣು ಹಿತ್ತಲ ಬಾಗಿಲ ಕಡೆ ಹೋಗುತ್ತಿತ್ತು, ಅದೊಂದು ಕೆಟ್ಟ ಅಭ್ಯಾಸ.

ನಸೀರಣ್ಣ ಅಳತೆಗೆ ಬಂದ. ಅರಸೀಕೆರೆಯಲ್ಲಿ ಆಗ ಶಟರ್ ಕೂರಿಸುವವನು ಅವನೊಬ್ಬನೇ. ಟೇಪು ಹಿಡಿದು ಎಡಗಡೆ ಅಳೆದ, ಬಲಗಡೆ ಅಳೆದ, ತಲೆ ಕೆರೆದುಕೊಂಡ.

"ಸಿದ್ದಣ್ಣ, ಇದು ಒಂದು ಗೇಣು ವ್ಯತ್ಯಾಸ ಐತೆ. ಎಡಗಡೆ ನೆಲ ಕೆತ್ತಿ ಮಟ್ಟ ಮಾಡ್ಸು. ಬಲಗಡೆ ಅಳತೆಗೆ ಶಟರ್ ತರಿಸ್ತೀನಿ."

"ಬಲಗಡೆ ಅಳತೆ ಅಂದ್ರೆ ದುಡ್ಡು?"

"ಅಗಲ ಪೂರ್ತಿ ಒಂದು ಗೇಣು ಜಾಸ್ತಿ ಆಯ್ತದೆ. ಅಡಿ ಲೆಕ್ಕ ಅಲ್ವಾ."

"ಎಡಗಡೆ ಅಳತೆಗೇ ತರ್ಸು."

"ಬಲಗಡೆ ಎದ್ದಿರ್ತದೆ ಕಣಣ್ಣ."

"ಪಟ್ಟಿ ಪಟ್ಟಿ ಜೋಡಿಸಿರ್ತಾರಲ್ಲ, ಚಾಪೆ ತರ. ಇಳಿಜಾರಿಗೆ ತಾನೇ ಬಗ್ಗಿಕೊಳ್ತದೆ ಬುಡು."

ನಸೀರಣ್ಣ ಟೇಪು ಸುತ್ತಿಕೊಂಡ. "ಚಾಪೆ ಸುತ್ತೋಕ್ ಬಗ್ಗುತ್ತೆ. ಓರೆಯಾಗಿ ನಿಲ್ಲೋಕ್ ಬಗ್ಗುತ್ತಾ?" ಅಂದ. ನಾನು ಎಡಗಡೆ ಅಂದೆನಲ್ಲ ಅಂದೆ. ನನಗೆ ಒಂದು ಸಲ ಹೇಳಿದ್ದನ್ನು ಎರಡನೆಯ ಸಲ ಹೇಳುವುದು ಆಗುವುದಿಲ್ಲ. ಒಂದು ಸಲ ಹೇಳಿದ್ದನ್ನು ಬದಲಾಯಿಸುವುದು ಅದಕ್ಕಿಂತ ಆಗುವುದಿಲ್ಲ. ಅವನು ಬರೆದುಕೊಂಡು ಹೋದ.

ಮತ್ತೆ ದುಡ್ಡಿನ ಮಾತು. ಸಾಲ ಮಾಡಲು ನನಗೆ ಮನಸ್ಸಿರಲಿಲ್ಲ. ಅಪ್ಪನ ತಕ್ಕಡಿ, ತೂಕದ ಕಲ್ಲು ಮಾರಿದೆ. ಸಾಲಲಿಲ್ಲ. ಆಗ ಜಾವಗಲ್‌ನಲ್ಲಿ ಟೀ ಹೋಟೆಲ್ ಇಟ್ಟಿರುವ ಒಬ್ಬ ಬಂದು ಹಲಗೆ ಕೇಳಿದ. ಬೆಂಚು ಮಾಡಿಸಲು. ಹಳೆಯ ಹಲಸಿನ ಮರ, ಹುಳ ಬಿದ್ದಿಲ್ಲ, ಬಿಡಬೇಡ ಅಂತ ಯಾರೋ ಹೇಳಿದ್ದರಂತೆ. ಶಟರ್ ಬಂದ ಮೇಲೆ ಹಲಗೆ ಯಾಕೆ ಅಂತ ಕೊಟ್ಟುಬಿಟ್ಟೆ. ಗಾಡಿಗೆ ತುಂಬುವಾಗ ಅವ್ವ ಹಿತ್ತಲಿನಿಂದಲೇ ಕೂಗಿದಳು.

"ಒಂದು ನಂಗೆ ಬುಡು. ಸಂಡಿಗೆ ಒಣಗ್ಸಕ್ಕೆ ಬೇಕು."

ಹತ್ತನೆಯದನ್ನು ಇಳಿಸಿ ಹಿತ್ತಲ ಗೋಡೆಗೆ ಒರಗಿಸಿದೆ. ಅದರಲ್ಲಿ ಒಂದು ದಿನವೂ ಅವಳು ಸಂಡಿಗೆ ಒಣಗಿಸಲಿಲ್ಲ. ಆಮೇಲೆ ಎಷ್ಟೋ ಕಾಲದ ಮೇಲೆ ಜಾವಗಲ್ ಕಡೆ ಒಂದು ಟ್ರ್ಯಾಕ್ಟರ್ ಕೆಟ್ಟಿತ್ತು ಅಂತ ಹೋಗಿ, ಅದೇ ಹೋಟೆಲಿನಲ್ಲಿ ಟೀ ಕುಡಿಯಲು ಕೂತೆ. ತೊಡೆಯ ಪಕ್ಕ ಕಣ್ಣು ಹಾಯಿಸಿದರೆ ಕೀಲೆಣ್ಣೆಯ ಆರು. ಆ ತೂತಿನಲ್ಲಿ ಯಾವನೋ ಬೀಡಿ ತುಂಡು ಸಿಕ್ಕಿಸಿದ್ದ. ತೆಗೆದು ಬಿಸಾಕಿದೆ. ಟೀ ಚೆನ್ನಾಗಿರಲಿಲ್ಲ.

ಶಟರ್ ಬಂತು. ಬರುವಾಗ ಒಂದಕ್ಕೆ ನಾಲ್ಕು ಖರ್ಚು ಜೊತೆಗೆ ಕರೆತಂತು. ಲಾರಿ ಬಾಡಿಗೆ. ಗೋಡೆ ಒಡೆದು ಶಟರ್ ಜಾರುವ ಪಕ್ಕದ ಕಂಬಿ ಹೂಳುವ ಗಾರೆಯವನ ಕೂಲಿ. ಮೇಲಿನ ಸುರುಳಿ ಕೂರಲು ತೊಲೆಯ ಮೇಲೆ ಒಂದಿಷ್ಟು ಗೋಡೆ. ನಸೀರಣ್ಣನ ಕೂಲಿ ಒಂದೇ ಸಸ್ತಾ ಆಗಿದ್ದು. ಅವನ ಲೂನಾ ಇಂಜಿನ್ ಪೂರ್ತಿ ಬಿಚ್ಚಿ ಕಟ್ಟಿಕೊಟ್ಟು ಕಳೆದೆ. ಇದ್ದ ಎರಡು ಚೀಲ ಸಿಮೆಂಟು ಕಂಬಿಗೇ ಮುಗಿಯಿತು. ಆಗ ಸಿಮೆಂಟು ಅಂಗಡಿಗೆ ಹೋಗಿ ತರುವ ಹಾಗಿರಲಿಲ್ಲ. ಪರ್ಮಿಟ್ಟು ಬೇಕು, ತಾಲ್ಲೂಕು ಆಫೀಸಿಗೆ ಅಲೆಯಬೇಕು, ಬರೆದದ್ದು ಸಿಗುವ ಹೊತ್ತಿಗೆ ಮಳೆಗಾಲ ಬರಬೇಕು.

ಅಷ್ಟೆಲ್ಲ ಆಗಿ, ಸಂಜೆ ಬಿಸಿಲು ಇಳಿಯುವ ಹೊತ್ತಿಗೆ ನಾನು ಮೊದಲ ಸಲ ಒಂದೇ ಕೈಯಲ್ಲಿ ಎತ್ತಿದೆ. ಗರ್ರ್ ಅಂತ ಹೋಯಿತು. ಬೇಲೂರಿನದೇ ಸದ್ದು. ಇಳಿಸಿದೆ. ಎತ್ತಿದೆ. ಇಳಿಸಿದೆ. ನಸೀರಣ್ಣ, ಸ್ಪ್ರಿಂಗ್ ಹೊಸದು ಕಣಣ್ಣ, ಮೆಲ್ಲಗೆ ಅಂದ. ಬೀಗ ಹಾಕಿದೆ. ಆಮೇಲೆ ನಾಯಿ ಬಂದದ್ದು ಹೇಳಿದೆನಲ್ಲ.

ಎಡಮೂಲೆ ನೆಲಕ್ಕೆ ತಾಗಿ ಕೂತಿತ್ತು. ಬಲಮೂಲೆ ಒಂದು ಗೇಣು ಮೇಲೆ. ಚಾಪೆ ತರ ಬಗ್ಗಲಿಲ್ಲ. ನಾಯಿ ಬರುವ ಜಾಗದಲ್ಲಿ ಕಳ್ಳನ ಕೈ ಬರುತ್ತದೆ, ಕೈ ಬಂದ ಕಡೆ ಪೆಟ್ರೋಲ್ ಪೈಪು ಬರುತ್ತದೆ. ಪದ್ಮಣ್ಣ ಮಾರನೆಯ ಬೆಳಿಗ್ಗೆಯೇ ಬರುತ್ತೇನೆ ಅಂತ ಡ್ರೈವರ್ ಹತ್ತಿರ ಹೇಳಿ ಕಳಿಸಿದ್ದರು.

"ಈಗೇನ್ ಮಾಡೋದು?" ಅಂದೆ.

"ಇನ್ನೊಂದು ಶಟರ್ ತರಿಸ್ಬೇಕು. ಇಲ್ಲ ನೆಲ ಎತ್ತರ ಮಾಡ್ಬೇಕು. ಸಿಮೆಂಟ್ ಐತಾ?"

"ಇಲ್ಲ."

"ದುಡ್ಡು ಐತಾ?"

"ಇಲ್ಲ."

"ಹಂಗಾದ್ರೆ ಆ ನಾಯಿನ ಸಾಕ್ಕೋ, ಕಾವಲಿಗೆ" ಅಂದ. ಚೀಲ ಹೆಗಲಿಗೆ ಹಾಕಿದವನು ಹೋಗಲಿಲ್ಲ, ಪಾಪ, ನಿಂತೇ ಇದ್ದ. ನಾನು ಕಲ್ಲು ಜೋಡಿಸಿ ನೋಡಿದೆ, ಉರುಳಿದವು. ಹಳೆ ಟೈರು ತುರುಕಿದೆ, ಒದ್ದರೆ ಹೊರಗೆ ಬಂತು. ಮರಳಿನ ಚೀಲ ಇಟ್ಟೆ, ಅದನ್ನು ನೋಡಿದರೆ ಗ್ಯಾರೇಜಿಗೆ ಪ್ರವಾಹ ಬರುವ ಹಾಗೆ ಕಾಣುತ್ತಿತ್ತು. ಒಂದೊಂದನ್ನೂ ತೆಗೆದು ಆ ಕಡೆ ಎಸೆದೆ. ಸೋತೆ ಅನ್ನುವ ಮಾತು ನನ್ನ ಬಾಯಿಗೆ ಬರುವುದಿಲ್ಲ. ಬರದೇ ಇದ್ದ ಮಾತ್ರಕ್ಕೆ ಸಂದು ಮುಚ್ಚುವುದೂ ಇಲ್ಲ.

ಹಿಂದೆ ಏನೋ ಎಳೆಯುವ ಸದ್ದು ಕೇಳಿತು. ಅವ್ವ. ಹತ್ತನೆಯ ಹಲಗೆಯನ್ನು ಹಿತ್ತಲಿನಿಂದ ಪಕ್ಕದ ಓಣಿಯಲ್ಲಿ ದರದರ ಎಳೆದುಕೊಂಡು ಬರುತ್ತಿದ್ದಳು. ತಂದು ಶಟರಿನ ಮುಂದೆ ದೊಪ್ಪನೆ ಹಾಕಿದಳು. ಸೆರಗಿನಲ್ಲಿ ಮುಖ ಒರೆಸಿಕೊಂಡಳು.

"ಅಡ್ಡ ಇಡು."

"ಏನು?"

"ಹೊಸಿಲು ಕಿತ್ಯಲ್ಲ. ಅದರ ಜಾಗದಾಗೆ ಅಡ್ಡ ಇಡು. ಕಾರು ಬಂದಾಗ ಎತ್ತು, ಹೋದಾಗ ಇಡು. ಹತ್ತು ಹಲಗೆ ದಿನಾ ಎತ್ತಿ ಇಡ್ತಿದ್ದ ನಿಮ್ಮಪ್ಪ. ನಿಂಗೆ ಒಂದು ಭಾರಾನಾ?"

ಅವಳು ಸಂದು ನೋಡಿರಲಿಲ್ಲ. ಈಗಲೂ ನಾನು ಹೇಳುವುದು ಅದನ್ನೇ. ಅವಳಿಗೆ ನನ್ನ ಅಳತೆ, ನಸೀರಣ್ಣನ ಅಳತೆ ಒಂದೂ ಗೊತ್ತಿರಲಿಲ್ಲ. ಅವಳಿಗೆ ಹೊಸಿಲು ಬೇಕಿತ್ತು, ಅಷ್ಟೇ. ಅವತ್ತು ಶಟರ್ ಸರಿಯಾಗಿ ಕೂತಿದ್ದರೂ ಹಲಗೆ ಎಳೆದುಕೊಂಡು ಬರುತ್ತಿದ್ದಳು. ಆಗ ನಾನು ಜಗಳ ಆಡುತ್ತಿದ್ದೆ.

ನಸೀರಣ್ಣ ಚೀಲ ಕೆಳಗಿಟ್ಟ. ಹಲಗೆಯನ್ನು ಸಂದಿನ ಮುಂದೆ ಅಡ್ಡಲಾಗಿ ಎತ್ತಿ ನಿಲ್ಲಿಸಿದ. ಉದ್ದ ಬಾಗಿಲಿನ ಅಗಲಕ್ಕೆ ಸರಿ. ಅಗಲ ಒಂದು ಗೇಣು. ನನ್ನನ್ನು ನೋಡಿದ. ನಾನು ಗರಗಸ ತರಲು ಒಳಗೆ ಹೋದೆ.

ಓರೆಯಾಗಿ ಕುಯ್ದೆವು, ಎಡಗಡೆ ಚೂಪು, ಬಲಗಡೆ ಪೂರ್ತಿ ಗೇಣು. ಅವ್ವ ಪಕ್ಕದಲ್ಲಿ ನಿಂತು ಒಂದೇ ಮಾತು ಹೇಳುತ್ತಿದ್ದಳು, ನಿಮ್ಮಪ್ಪ ಬರ್ದಿರೋದನ್ನ ಕುಯ್ಬ್ಯಾಡ. ನಂಬರಿದ್ದ ತಲೆಯನ್ನು ಬಲಮೂಲೆಗೆ ಬರುವ ಹಾಗೆ ಉಳಿಸಿದೆವು. ಬೈರಿಗೆಯಲ್ಲಿ ತೂತು ಕೊರೆದು ಒಳಮೈಗೆ ಎರಡು ಕಬ್ಬಿಣದ ಕೊಕ್ಕೆ ಬಿಗಿದೆ. ಶಟರ್ ಇಳಿದಾಗ ಅದರ ಕೆಳಗಿನ ಪಟ್ಟಿ ಕೊಕ್ಕೆಯೊಳಗೆ ಕೂರಬೇಕು. ಬೀಗ ತೆಗೆದು ಶಟರ್ ಎತ್ತುವವರೆಗೆ ಹಲಗೆ ಹಿಂದಕ್ಕೂ ಬರಬಾರದು, ಮುಂದಕ್ಕೂ ಹೋಗಬಾರದು. ಕೊಕ್ಕೆ ನನ್ನ ಬುದ್ಧಿ. ಇದನ್ನು ಹೇಳಿಕೊಳ್ಳದೆ ಬಿಡುವುದಿಲ್ಲ.

ಮಾರನೆಯ ದಿನ ಶುಕ್ರವಾರ. ಬೆಳಿಗ್ಗೆ ಬಂದು ಶಟರ್ ಎತ್ತಿದೆ, ಹಲಗೆ ಅಲ್ಲೇ ಬಿಟ್ಟು ಮುಖ ತೊಳೆಯಲು ಹೋದೆ. ಬರುವಷ್ಟರಲ್ಲಿ ಹಲಗೆಗೆ ಅರಿಶಿನ ಬಳಿದು, ಕುಂಕುಮ ಇಟ್ಟು, ಎರಡು ಸೇವಂತಿಗೆ ಸಿಕ್ಕಿಸಿ, ಮುಂದೆ ರಂಗೋಲಿ ಬಿಟ್ಟಾಗಿತ್ತು. ಹತ್ತು ಅನ್ನುವ ನಂಬರಿಗೂ ಒಂದು ಬೊಟ್ಟು.

"ಅವ್ವ, ಸಾವ್ಕಾರ್ರು ಬತ್ತಾರೆ. ಇದು ಗ್ಯಾರೇಜು."

"ಬರ್ಲಿ ಬುಡು. ಅವ್ರಿಗೆ ಮನೆಯಿಲ್ವಾ, ಹೊಸಿಲಿಲ್ವಾ?"

ಒರೆಸೋಣ ಅಂತ ಬಟ್ಟೆ ತಗೊಂಡೆ. ಅಷ್ಟರಲ್ಲಿ ಕಾರು ಬಂದು ರಸ್ತೆಯಲ್ಲಿ ನಿಂತಿತು. ಪದ್ಮಣ್ಣ ಇಳಿದರು. ಬಿಳಿ ಪಂಚೆ, ಬಿಳಿ ಅಂಗಿ. ಮೇಲೆ ಸುರುಳಿ ನೋಡುತ್ತ, ಪಕ್ಕದ ಕಂಬಿ ನೋಡುತ್ತ, ತಪ್ಪು ಹುಡುಕುವ ಕಣ್ಣಲ್ಲಿ ಬಂದರು. ಬಾಗಿಲಿಗೆ ಬಂದು ಕೆಳಗೆ ನೋಡಿದರು. ಒಂದು ಕ್ಷಣವೂ ನಿಲ್ಲಲಿಲ್ಲ. ಚಪ್ಪಲಿ ಬಿಟ್ಟರು, ಬಲಗಾಲು ಮುಂದಿಟ್ಟು ಹಲಗೆ ದಾಟಿ ಒಳಗೆ ಬಂದರು. ಹಿಂದೆ ಡ್ರೈವರೂ ಬಿಟ್ಟ.

ನನ್ನ ಗ್ಯಾರೇಜಿನ ನೆಲ ನಿಮಗೆ ಗೊತ್ತಿಲ್ಲ. ಎರಡು ವರ್ಷದ ಆಯಿಲ್ಲು. ಸಾಹುಕಾರರು ನಾಲ್ಕು ಹೆಜ್ಜೆ ಬಂದು ನಿಂತರು. ಕಾಲೆತ್ತಿ ಅಂಗಾಲು ನೋಡಿಕೊಂಡರು. ಕರ್ರಗೆ.

"ಏನಯ್ಯ ಸಿದ್ದ, ಗ್ಯಾರೇಜಿನಾಗೆ ಚಪ್ಪಲಿ ಬಿಡಿಸ್ತೀಯಾ?"

"ನಾನೇನು ಹೇಳ್ಲಿಲ್ಲ ಸಾವ್ಕಾರ್ರೆ. ನೀವೇ ಬಿಟ್ರಿ."

ಅವರು ಹಿಂದಕ್ಕೆ ತಿರುಗಿ ಚಪ್ಪಲಿ ನೋಡಿದರು, ಹಲಗೆ ನೋಡಿದರು. "ಶಟರಿಗೆ ಇದ್ಯಾಕೆ?"

ಹೊಸಿಲು ಅಂದುಬಿಟ್ಟಿದ್ದರೆ ಆಗುತ್ತಿತ್ತು. ನನಗೆ ಆ ನಯ ಇಲ್ಲ. "ಶಟರ್ ಒಂದು ಗೇಣು ಗಿಡ್ಡ ಆಯ್ತು. ದುಡ್ಡು ಉಳ್ಸಕ್ಕೆ ಹೋಗಿ ನಾನೇ ತಪ್ಪು ಅಳತೆ ಕೊಟ್ಟೆ. ಸಂದು ಮುಚ್ಚಕ್ಕೆ ಇಟ್ಟಿರೋದು" ಅಂದೆ.

"ಅವನ ಮಾತು ಏನ್ ಕೇಳ್ತೀರಾ" ಅಂದಳು ಅವ್ವ, ಓಣಿಯಿಂದ. "ಅದು ಹೊಸಿಲು ಕಣಪ್ಪ."

ಪದ್ಮಣ್ಣ ಅವಳನ್ನು ನೋಡಿದರು, ನನ್ನನ್ನು ನೋಡಿದರು. "ಇಬ್ರಲ್ಲಿ ಯಾರ್ದು ನಿಜ?"

"ಎರಡೂ ನಿಜ ಸಾವ್ಕಾರ್ರೆ. ಎಳ್ದು ನೋಡಿ."

ಎಲ್ಲರೂ ಹೊರಗೆ ಬಂದೆವು. ಶಟರ್ ಇಳಿಸಿದೆ. ಕೊಕ್ಕೆ ಕಚ್ಚಿಕೊಂಡಿತು. ಬೀಗ ಹಾಕಿ ಕೀಲಿ ಅವರ ಕೈಗೇ ಕೊಟ್ಟೆ. ಡ್ರೈವರ್ ಶಟರ್ ಹಿಡಿದು ಮೇಲಕ್ಕೆ ಜಗ್ಗಿದ. ಹಲಗೆಗೆ ಒದೆಯಲು ಕಾಲೆತ್ತಿದ, ಕುಂಕುಮ ಕಂಡು ಕಾಲು ಇಳಿಸಿದ, ಬಗ್ಗಿ ಎರಡು ಕೈಯಲ್ಲಿ ಎಳೆದ. ನೂಕಿದ. ಬರಲಿಲ್ಲ, ಹೋಗಲಿಲ್ಲ. ಪದ್ಮಣ್ಣ ತಾವೇ ಪಂಚೆ ಎತ್ತಿ ಕಟ್ಟಿ ಕುಕ್ಕರಿಸಿದರು. ಬಲಮೂಲೆಯಲ್ಲಿ ಬೆರಳು ತೂರಿಸಲು ನೋಡಿದರು. ಬೆರಳು ಹೋಗಲಿಲ್ಲ.

ಆಗ ಒಳಗಿನಿಂದ ಪರಪರ ಕೆರೆಯುವ ಸದ್ದು. ಆಮೇಲೆ ಒಂದು ಕುಂಯ್. ಆಮೇಲೆ ಊಳಿಡಲು ಶುರುವಾಯಿತು. ಶಟರ್ ತೆರೆದಿದ್ದಾಗ ಯಾವಾಗಲೋ ಒಳಗೆ ಸೇರಿಕೊಂಡಿತ್ತು. ನಿನ್ನೆಯ ಜಾಗಕ್ಕೇ ಬಂದು ಮೂತಿ ಒತ್ತುತ್ತಿತ್ತು. ಹಲಗೆ ಅಲುಗಲಿಲ್ಲ.

"ಒಳಗೆ ಯಾರಯ್ಯ?"

"ನಾಯಿ."

"ನಿಂದಾ?"

"ಹೂಂ," ಅಂದೆ. "ನಂದೇ."

ಪದ್ಮಣ್ಣ ಎದ್ದರು. ಶಟರಿನ ಕೀಲಿ ನನ್ನ ಕೈಗಿಟ್ಟರು. ಡ್ರೈವರ್ ಕಡೆ ಕೈ ಚಾಚಿ ಕಾರಿನ ಕೀಲಿ ಇಸಕೊಂಡು ಅದನ್ನೂ ಇಟ್ಟರು. "ಇನ್ನೊಂದು ಕಾರು ಸಂಜೆ ಬತ್ತದೆ. ನಾಯಿಗೆ ಏನಾದ್ರೂ ಹಾಕು" ಅಂದರು. ಅವ್ವ ಬಿಂದಿಗೆಯಲ್ಲಿ ನೀರು, ಸೀಗೆಪುಡಿ ತಂದು ಅವರ ಕಾಲಿಗೆ ಕೊಟ್ಟಳು. ಅರ್ಧ ಬಿಂದಿಗೆ ಮುಗಿದರೂ ಆಯಿಲ್ಲು ಪೂರ್ತಿ ಹೋಗಲಿಲ್ಲ.

ಸಂಜೆ ಎರಡು ಕಾರೂ ಒಳಗೆ ನಿಲ್ಲಿಸಿ, ಹಲಗೆ ಇಟ್ಟು, ಶಟರ್ ಇಳಿಸಿ ಬೀಗ ಹಾಕಿದೆ. ಸ್ಪ್ಯಾನರ್ ಒರೆಸುತ್ತ ನಿಂತೆ. ಅವ್ವ ದೀಪ ತಂದು ಹತ್ತರ ನಂಬರಿನ ಪಕ್ಕ, ನೆಲದ ಮೇಲೆ ಇಟ್ಟಳು. ನಾನು ಒರೆಸುವ ಡೀಸೆಲ್ ಬಟ್ಟೆಯನ್ನು ದೂರ ಇಟ್ಟೆ.

ಅರಸೀಕೆರೆಯಲ್ಲಿ ಬಾಗಿಲ ಮುಂದೆ ಚಪ್ಪಲಿ ಸಾಲು ಕಾಣುವ ಗ್ಯಾರೇಜು ಯಾವುದು ಅಂತ ಕೇಳಿ, ಯಾರಾದರೂ ತೋರಿಸುತ್ತಾರೆ. ಹಾಕ್ಕೊಂಡೇ ಬನ್ರೀ ಅಂತ ಕೂಗುತ್ತೇನೆ. ಕೇಳುವುದಿಲ್ಲ, ಬಿಟ್ಟೇ ಬರುತ್ತಾರೆ, ಆಯಿಲ್ಲು ಮೆಟ್ಟುತ್ತಾರೆ, ನನ್ನನ್ನು ಬೈಯುತ್ತಾರೆ. ಬಾಗಿಲಿಗೆ ಎಷ್ಟಾಯಿತು ಅಂದರೆ ಶಟರಿನದು ಅಡಿ ಲೆಕ್ಕ. ಹಲಗೆಯದು ಅವ್ವನನ್ನು ಕೇಳಿ. ನಾಯಿಗೆ ವಯಸ್ಸಾಗಿದೆ, ಇಲ್ಲೇ ಇದೆ. ನನ್ನ ಹತ್ತಿರ ಇದ್ದದ್ದು ಇಷ್ಟೇ, ಮುಗಿಯಿತು.